ಫೋನಿನೊಳಗಿನ ಬಾರ್ ಬೀದಿ

"ನಮ್ಮನೆಯವರು ಕುಡಿಯೋದು ಬಿಟ್ಟಿದ್ದಾರೆ, ಅಷ್ಟರಮಟ್ಟಿಗೆ ನೆಮ್ಮದಿ. ಆದರೆ ಈಗ ಕೂತರೂ ನಿಂತರೂ ಮೊಬೈಲು. ಒಂದು ಚಟ ಹೋಯಿತು, ಇನ್ನೊಂದು ಬಂತು. ಅದನ್ನೂ ಕಿತ್ತುಕೊಂಡು ಬೀರುವಿನೊಳಗೆ ಇಟ್ಟುಬಿಡಲೇ?" ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಈಚೆಗೆ ಮತ್ತೆ ಮತ್ತೆ ಕಾಣುವ ಪ್ರಶ್ನೆ ಇದು. ಕೇಳುವವರು ಬಹುಮಟ್ಟಿಗೆ ಹೆಂಡತಿಯರು, ತಾಯಂದಿರು. ಕುಡಿತ ಬಿಟ್ಟವರದು ಬೇರೆಯೇ ಅಳಲು: "ಏಳು ಗಂಟೆಯಾದರೆ ಕೈ ಸುಮ್ಮನಿರೋದಿಲ್ಲ. ಫೋನೂ ಬೇಡ ಅಂದರೆ ಏನು ಮಾಡಲಿ?" ಇಬ್ಬರ ಮಾತಿನಲ್ಲೂ ಹುರುಳಿದೆ. ವ್ಯಸನಮುಕ್ತಿ ಕೇಂದ್ರಗಳಲ್ಲಿ, ಅಲ್ಲಿಂದ ಊರಿಗೆ ಮರಳಿದವರ ಮನೆಯ ಜಗಲಿಗಳಲ್ಲಿ ವರ್ಷಗಟ್ಟಲೆ ಕೂತು ಮಾತಾಡಿದ ಆಪ್ತಸಮಾಲೋಚಕನಾಗಿ ನನ್ನ ಉತ್ತರ ಚಿಕ್ಕದು. ಫೋನ್ ಕಿತ್ತುಕೊಳ್ಳಬೇಡಿ; ಫೋನಿನೊಳಗೆ ಓಡಾಡುವ ದಾರಿ ಬದಲಾಗಲಿ.

ಮೊದಲು ಮನೆಯವರ ಭಯ. ಒಂದು ಚಟ ಬಿಟ್ಟ ಜಾಗಕ್ಕೆ ಇನ್ನೊಂದು ಬಂದೇ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಈ ನಂಬಿಕೆಯನ್ನೇ ಪರೀಕ್ಷೆಗೆ ಒಡ್ಡಿದ ಅಧ್ಯಯನವೊಂದು 2014ರಲ್ಲಿ ಜಾಮಾ ಸೈಕಿಯಾಟ್ರಿ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅಮೆರಿಕದ ದೊಡ್ಡ ರಾಷ್ಟ್ರೀಯ ಸಮೀಕ್ಷೆಯೊಂದರಲ್ಲಿ ಸಿಕ್ಕವರನ್ನು ಮೂರು ವರ್ಷ ಬಿಟ್ಟು ಮತ್ತೆ ಮಾತಾಡಿಸಿದ ಮಾಹಿತಿ ಅದಕ್ಕೆ ಆಧಾರ. ಒಂದು ಮಾದಕ ವಸ್ತುವಿನಿಂದ ಬಿಡಿಸಿಕೊಂಡವರು ಹೊಸದೊಂದಕ್ಕೆ ಬೀಳುವ ಸಾಧ್ಯತೆ, ಬಿಡಿಸಿಕೊಳ್ಳದೆ ಉಳಿದವರಿಗಿಂತ ಅರ್ಧಕ್ಕೂ ಕಡಿಮೆ ಇತ್ತು. ಬಿಡುವುದನ್ನು ಒಮ್ಮೆ ಕಲಿತವರಿಗೆ ಆ ಕಲಿಕೆ ಮುಂದೆಯೂ ಕೈಗೆ ಬರುತ್ತದೆ. ಈ ಲೆಕ್ಕ ಮಾದಕ ವಸ್ತುಗಳದು, ಮೊಬೈಲಿನದಲ್ಲ, ನಿಜ. ಆದರೂ ಮನೆಯವರ ಎದೆಬಡಿತ ಸ್ವಲ್ಪ ತಗ್ಗಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ಕಾಯಿಲೆಗಳ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದರಲ್ಲಿ ಗೇಮ್ ಆಟದ ವ್ಯಸನಕ್ಕೂ ಜಾಗ ಸಿಕ್ಕಿದೆ. ಆದರೆ ಹಾಗೆ ಹೆಸರಿಡಲು ಆಟದ ಮೇಲೆ ಹಿಡಿತ ತಪ್ಪಿರಬೇಕು, ಉಳಿದೆಲ್ಲ ಕೆಲಸ ಹಿಂದೆ ಬಿದ್ದಿರಬೇಕು, ಹಾನಿ ಕಣ್ಣಿಗೆ ಕಂಡರೂ ಆಟ ಮುಂದುವರಿದಿರಬೇಕು, ಇವೆಲ್ಲ ಸಾಮಾನ್ಯವಾಗಿ 12 ತಿಂಗಳಾದರೂ ನಡೆದಿರಬೇಕು. ಕುಡಿತ ಬಿಟ್ಟು ಎರಡು ತಿಂಗಳಾದವರು ಸಂಜೆ ಕ್ರಿಕೆಟ್ ತುಣುಕು ನೋಡುತ್ತಾ ಕೂತರೆ ಅದಕ್ಕೆ ಕಾಯಿಲೆಯ ಹಣೆಪಟ್ಟಿ ಹಚ್ಚುವ ಅಗತ್ಯವಿಲ್ಲ.

ಇನ್ನೊಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ದಿನವೂ ಹೆಚ್ಚು ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಮೈ ನಡುಕದ ಜೊತೆ ಇಲ್ಲದ್ದು ಕಾಣುವುದು, ದಿಕ್ಕು ತಪ್ಪಿ ಮಾತಾಡುವುದು ಶುರುವಾಗಬಹುದು. ಅದು ಪ್ರಾಣಕ್ಕೇ ಅಪಾಯ. ಆ ವಾರ ಬೇಕಾದದ್ದು ವೈದ್ಯರು. ಆಸ್ಪತ್ರೆಯ ಹಾಸಿಗೆಯಲ್ಲಿ ಹಳೆಯ ಸಿನಿಮಾ ನೋಡುತ್ತಾ ಮಲಗಿದರೆ ಅದರಿಂದ ಯಾರ ಗಂಟೂ ಹೋಗುವುದಿಲ್ಲ. ಫೋನಿನ ಪ್ರಶ್ನೆ ನಿಜವಾಗಿ ಏಳುವುದು ಆಮೇಲೆ. ಮೈ ಒಂದು ಹದಕ್ಕೆ ಬಂದಿರುತ್ತದೆ, ಮನಸ್ಸು ಇನ್ನೂ ಬಂದಿರುವುದಿಲ್ಲ; ಆ ತಿಂಗಳುಗಳಲ್ಲಿ.

ಆಗ ಫೋನ್ ಏಕೆ ತೊಡಕಾಗುತ್ತದೆ? ಅದಕ್ಕೆ ನೋಡುವ ಗಂಟೆಗಳ ಲೆಕ್ಕಕ್ಕಿಂತ ದೊಡ್ಡ ಕಾರಣವೊಂದಿದೆ. 1990ರ ದಶಕದಲ್ಲಿ ವುಲ್ಫ್ರಾಮ್ ಶುಲ್ಟ್ಸ್ ಎಂಬ ನರವಿಜ್ಞಾನಿ ಕೋತಿಗಳ ಮಿದುಳಿನಲ್ಲಿ ಡೋಪಮಿನ್ ಕೋಶಗಳನ್ನು ಗಮನಿಸುತ್ತಿದ್ದರು. ಹಣ್ಣಿನ ರಸದ ಹನಿ ಬಾಯಿಗೆ ಬಿದ್ದಾಗ ಆ ಕೋಶಗಳು ಚುರುಕಾಗುತ್ತಿದ್ದವು. ರಸ ಕೊಡುವ ಮುಂಚೆ ದೀಪವೊಂದು ಹೊತ್ತಿಕೊಳ್ಳುವಂತೆ ಮಾಡಿ, ಅದನ್ನೇ ಹಲವು ಬಾರಿ ನಡೆಸಿದ ಮೇಲೆ ಚುರುಕಾಗುವ ಕ್ಷಣವೇ ಬದಲಾಯಿತು. ದೀಪ ಕಂಡ ಕೂಡಲೇ ಕೋಶಗಳು ಏಳುತ್ತಿದ್ದವು, ರಸ ಬಂದಾಗ ತಣ್ಣಗಿರುತ್ತಿದ್ದವು. ದೀಪ ಹೊತ್ತಿಯೂ ರಸ ಬರದಿದ್ದರೆ ಎಂದಿಗಿಂತ ಕೆಳಕ್ಕೆ ಕುಸಿಯುತ್ತಿದ್ದವು. ದೀಪ ಕಂಡಾಗ ಏಳುವ ಇಂಥ ಎಳೆತಕ್ಕೆ ಕುಡಿಯುವವರ ಬಾಯಲ್ಲಿರುವ ಹೆಸರು ತಲುಬು. ವರ್ಷಗಟ್ಟಲೆ ಕುಡಿದವರಿಗೆ ಇಂಥ ದೀಪಗಳು ನೂರಾರು. ಗ್ಲಾಸಿಗೆ ಐಸ್ ಬೀಳುವ ಸದ್ದು, ಕಡಲೆಬೀಜಕ್ಕೆ ಈರುಳ್ಳಿ ಹೆಚ್ಚಿ ಹಾಕಿದ ತಟ್ಟೆ, ಶನಿವಾರ ಸಂಜೆಯಾದರೆ ಫೋನ್ ಮಾಡುತ್ತಿದ್ದ ಗೆಳೆಯನ ಹೆಸರು. ಮೊದಲಾದರೆ ಇವು ಬೀದಿಯಲ್ಲಿ, ಬಾರಿನಲ್ಲಿ ಸಿಗುತ್ತಿದ್ದವು. ಈಗ ಹಾಸಿಗೆಯಲ್ಲಿ ಮಲಗಿದ್ದಾಗಲೂ ಅಂಗೈಯಲ್ಲೇ ಹೊತ್ತಿಕೊಳ್ಳುತ್ತವೆ.

ಹಾಗಾಗಿ ನಾನು ಫೋನನ್ನು ಒಂದು ವಸ್ತುವಾಗಿ ನೋಡುವುದನ್ನು ಬಿಟ್ಟಿದ್ದೇನೆ. ಅದು ನಮ್ಮ ಊರ ಪೇಟೆ ಇದ್ದ ಹಾಗೆ. ಅಲ್ಲಿ ಬಾರ್ ಇದೆ, ಬ್ಯಾಂಕ್ ಇದೆ, ದೇವಸ್ಥಾನ ಇದೆ, ಆಸ್ಪತ್ರೆ ಇದೆ, ಅಕ್ಕನ ಮನೆಯೂ ಇದೆ. ಕುಡಿತ ಬಿಟ್ಟವನಿಗೆ ಪೇಟೆಗೇ ಕಾಲಿಡಬೇಡ ಎಂದು ನಾವು ಯಾರೂ ಹೇಳುವುದಿಲ್ಲ. ಬಾರಿರುವ ಬೀದಿ ತಪ್ಪಿಸಿ ಸುತ್ತು ಹಾಕಿಕೊಂಡು ಬಾ ಎನ್ನುತ್ತೇವೆ. ಫೋನಿಗೂ ಇದೇ ಬುದ್ಧಿ ಸಾಕು. ಯಾವುದು ಬಾರ್ ಬೀದಿ ಎಂದು ಗುರುತಿಸುವುದೇ ಅರ್ಧ ಕೆಲಸ.

ಮೊದಲನೆಯದು ರೀಲ್ಸ್. ಕೊನೆಯೇ ಇಲ್ಲದೆ ಕೆಳಗೆ ಜಾರುತ್ತಲೇ ಹೋಗುವ ಪುಟವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಎಂಬ ವಿನ್ಯಾಸಕಾರ ಅದಕ್ಕಾಗಿ ಆಮೇಲೆ ಬಹಿರಂಗವಾಗಿಯೇ ವಿಷಾದಪಟ್ಟರು. ಪುಟ ಮುಗಿದರೆ ಸಾಕೇ ಇನ್ನೂ ಬೇಕೇ ಎಂದು ಯೋಚಿಸಲು ಒಂದು ಕ್ಷಣ ಸಿಗುತ್ತದೆ. ಆ ಕ್ಷಣವನ್ನೇ ಅದು ಅಳಿಸಿಹಾಕಿತು. ಚೇತರಿಕೆಯಲ್ಲಿರುವವರಿಗೆ ಅತ್ಯಗತ್ಯವಾಗಿ ಬೇಕಾದದ್ದು ಅದೇ ಕ್ಷಣ. ಜೊತೆಗೆ, ನೀವು ಯಾವ ವಿಡಿಯೊದ ಮೇಲೆ ಎಷ್ಟು ಹೊತ್ತು ನಿಂತಿರಿ ಎಂದು ಆ್ಯಪ್ ನೋಡಿಕೊಳ್ಳುತ್ತದೆ. ಎಣ್ಣೆ ಪಾರ್ಟಿಯ ಹಾಡಿನ ಮೇಲೆ ಎರಡು ದಿನ ನಿಂತವನಿಗೆ ಮೂರನೆಯ ದಿನ ಅಂಥವೇ ಸಾಲಾಗಿ ಬರುತ್ತವೆ. ಆತ ನಿಂತದ್ದು ಆಸೆಯಿಂದಲೋ ಸಂಕಟದಿಂದಲೋ ಆ್ಯಪಿಗೆ ತಿಳಿಯುವುದಿಲ್ಲ. ಇದರ ಮೇಲೆ ಜಾಹೀರಾತುಗಳ ಕಾಟ ಬೇರೆ. ಕೇಬಲ್ ಟಿವಿ ನಿಯಮಗಳು ಮದ್ಯದ ಜಾಹೀರಾತನ್ನು ತಡೆದ ಮೇಲೆ ಕಂಪನಿಗಳು ಅದೇ ಹೆಸರಿನ ಸೋಡಾ, ಮ್ಯೂಸಿಕ್ ಸಿಡಿ ತೋರಿಸಿ ದಾರಿ ಮಾಡಿಕೊಂಡವು. ಕುಡಿದು ಬಿಟ್ಟವನ ಕಣ್ಣಿಗೆ ಅಲ್ಲಿ ಸೋಡಾ ಕಾಣುವುದಿಲ್ಲ. ಇದಕ್ಕೆ ಒಂದು ಸುಲಭದ ಉಪಾಯವಿದೆ. ಗೂಗಲ್ ಖಾತೆಯೊಳಗಿನ ಮೈ ಆ್ಯಡ್ ಸೆಂಟರ್‌ನಲ್ಲಿ ಮದ್ಯ ಮತ್ತು ಜೂಜಿನ ಜಾಹೀರಾತುಗಳು ಕಡಿಮೆ ಬರಲಿ ಎಂದು ಆಯ್ಕೆ ಮಾಡಬಹುದು. ಯೂಟ್ಯೂಬಿಗೂ ಅದು ಅನ್ವಯಿಸುತ್ತದೆ. ಪೂರ್ತಿ ನಿಲ್ಲುವುದಿಲ್ಲ, ಕಡಿಮೆಯಾಗುತ್ತದೆ. ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ಗಳನ್ನು ಮೊದಲ ಕೆಲವು ತಿಂಗಳು ಫೋನಿನಿಂದಲೇ ತೆಗೆದುಬಿಡುವುದು ನನಗೆ ಕಂಡಂತೆ ಹೆಚ್ಚು ಫಲ ಕೊಟ್ಟಿದೆ. ದಿನಕ್ಕೆ ಅರ್ಧ ಗಂಟೆ ಮಾತ್ರ ಎಂಬ ವ್ರತ ಬಹಳ ಜನರಲ್ಲಿ ಉಳಿಯುವುದಿಲ್ಲ. ಒಂದು ಪೆಗ್ಗಿಗೆ ನಿಲ್ಲಿಸುತ್ತೇನೆ ಎಂದು ಹೊರಟು ಎಲ್ಲಿಗೆ ಮುಟ್ಟಿದೆವೆಂದು ಅವರಿಗೇ ಚೆನ್ನಾಗಿ ಗೊತ್ತು.

ಎರಡನೆಯದು ವಾಟ್ಸ್‌ಆ್ಯಪ್ ಗುಂಪು. ಇದು ರೀಲ್ಸಿಗಿಂತ ಕಠಿಣ, ಏಕೆಂದರೆ ಇಲ್ಲಿರುವವರು ಗುರುತಿನವರು. ಹತ್ತನೇ ಕ್ಲಾಸಿನ ಗೆಳೆಯರು, ಕೆಲಸದ ಜಾಗದವರು, ಬೀಗರ ಕಡೆಯವರು. ಹೊರಬಂದರೆ "ಏನಪ್ಪಾ, ದೊಡ್ಡ ಮನುಷ್ಯ ಆಗಿಬಿಟ್ಟೆ" ಎಂಬ ಮಾತು ಬಂದೇ ಬರುತ್ತದೆ. ಗುಂಪು ಬಿಡಲು ಮುಜುಗರವಾದರೆ ಸದ್ದು ಅಡಗಿಸಿ ಆರ್ಕೈವ್‌ಗೆ ಹಾಕಿ; ವಾರಾಂತ್ಯದ ಪಾರ್ಟಿಗೆಂದೇ ಇರುವ ಗುಂಪಿನಿಂದ ಮಾತ್ರ ಮುಲಾಜಿಲ್ಲದೆ ಹೊರಬನ್ನಿ. ಸ್ಟೇಟಸ್‌ಗಳಲ್ಲಿ ಬಾಟಲಿ ತೋರಿಸುವವರ ಸ್ಟೇಟಸ್ ಮಾತ್ರ ಮ್ಯೂಟ್ ಮಾಡಬಹುದು, ಅವರಿಗೆ ಅದು ತಿಳಿಯುವುದೂ ಇಲ್ಲ. ಗಾಂಜಾ ಅಥವಾ ಮಾತ್ರೆಗಳಿಂದ ಹೊರಬರುತ್ತಿರುವ ಹುಡುಗರಾದರೆ ಕಟ್ಟುನಿಟ್ಟು ಇನ್ನೂ ಹೆಚ್ಚು ಬೇಕು. ಮಾಲು ಕೊಡುತ್ತಿದ್ದವನ ನಂಬರು, ಅವನ ಚಾಟು, ಅವನು ಸೇರಿಸಿದ ಟೆಲಿಗ್ರಾಂ ಗುಂಪು ಎಲ್ಲವನ್ನೂ ಒಬ್ಬ ನಂಬಿಕಸ್ತರ ಎದುರಿಗೆ ಕೂತು ಅಳಿಸಬೇಕು. ಸಿಮ್ಮನ್ನೇ ಬದಲಿಸು ಎಂದು ಸಲಹೆ ಕೊಡುವವರಿದ್ದಾರೆ. ಆಧಾರ್, ಬ್ಯಾಂಕು, ಕೆಲಸ ಎಲ್ಲವೂ ಅದೇ ನಂಬರಿಗೆ ಕಟ್ಟಿಕೊಂಡಿರುವ ಈ ಕಾಲದಲ್ಲಿ ಅದು ಎಲ್ಲರಿಂದ ಆಗದು. ನಂಬರು ಇರಲಿ, ಒಳಗಿನ ಹೆಸರುಗಳು ಹೋಗಲಿ.

ಮೂರನೆಯದು ದುಡ್ಡು. ಜೇಬಿನಲ್ಲಿ ನೋಟಿಲ್ಲದಿದ್ದರೆ ಮೊದಲೆಲ್ಲ ಸಾಲ ಕೇಳಲಾದರೂ ಒಂದಷ್ಟು ನಡೆಯಬೇಕಿತ್ತು. ಆ ನಡಿಗೆಯಲ್ಲೇ ಕೆಲವರ ಮನಸ್ಸು ತಿರುಗುತ್ತಿತ್ತು. ಈಗ ಸ್ಕ್ಯಾನ್ ಮಾಡಿದರೆ ಮುಗಿಯಿತು. ಬ್ಯಾಂಕಿನಲ್ಲಿ ವಿಚಾರಿಸಿ ದಿನದ ವಹಿವಾಟಿನ ಮಿತಿ ಇಳಿಸಿಕೊಳ್ಳುವುದು, ಯುಪಿಐಗೆ ಜೋಡಿಸಿದ ಖಾತೆಯಲ್ಲಿ ಖರ್ಚಿಗೆ ಬೇಕಾದಷ್ಟೇ ಹಣ ಇಡುವುದು ಒಳ್ಳೆಯದು. ಹಣ ಕಟ್ಟಿ ಆಡುವ ಗೇಮ್‌ಗಳನ್ನಂತೂ ಫೋನ್ ಚಟವೆಂದು ಹಗುರವಾಗಿ ಕಾಣಬೇಡಿ. ಅದು ಜೂಜು. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5, ಜೂಜಿನ ವ್ಯಸನವನ್ನು 2013ರಲ್ಲೇ ಮದ್ಯ, ಮಾದಕ ವಸ್ತುಗಳ ಅಧ್ಯಾಯಕ್ಕೆ ಸೇರಿಸಿತು. ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿದ ಕಾನೂನು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಅದೃಷ್ಟದ ಆಟ, ಕೌಶಲದ ಆಟ ಎಂಬ ಭೇದ ಅದಕ್ಕಿಲ್ಲ. ಆದರೂ ಹೊರದೇಶಗಳಿಂದ ನಡೆಯುವ ಬೆಟ್ಟಿಂಗ್ ಆ್ಯಪ್‌ಗಳ ಲಿಂಕು ಗುಟ್ಟಾಗಿ ಹರಿದಾಡುತ್ತಲೇ ಇರುತ್ತದೆ. ಕುಡಿತ ಬಿಟ್ಟ ಮನುಷ್ಯ ಸೋತ ರಾತ್ರಿ ಎಲ್ಲಿಗೆ ಹೋಗುತ್ತಾನೆಂದು ವಿವರಿಸಬೇಕಿಲ್ಲ. ಇದೊಂದರಲ್ಲಿ ಕಡಿಮೆ ಮಾಡುವ ಮಾತಿಲ್ಲ, ಪೂರ್ತಿ ಬಿಡಬೇಕು.

ನಾಲ್ಕನೆಯದು ರಾತ್ರಿ. ಮದ್ಯ ಬಿಟ್ಟವರಿಗೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ನಿದ್ದೆ ಸರಿಯಾಗಿ ಹತ್ತುವುದಿಲ್ಲ. ಇಷ್ಟು ದಿನ ಮಂಕು ಕವಿಸಿ ಮಲಗಿಸುತ್ತಿದ್ದ ವಸ್ತು ಇಲ್ಲವಾದಾಗ ಮಿದುಳು ತಾನಾಗಿ ಮಲಗುವುದನ್ನು ಮತ್ತೆ ಕಲಿಯಬೇಕು. ನಿದ್ದೆಗೆಟ್ಟವನು ಮರುದಿನ ಸಿಡುಕುತ್ತಾನೆ, ಸಂಜೆಗೆ ತಲುಬು ಜೋರಾಗುತ್ತದೆ. ಇಂಥವನ ದಿಂಬಿನ ಪಕ್ಕ ಫೋನ್ ಇದ್ದರೆ ಎರಡು ಗಂಟೆಗೆ ಎಚ್ಚರವಾದಾಗ ಕೈ ಅಲ್ಲಿಗೇ ಹೋಗುತ್ತದೆ, ಬೆಳಕು ಕಣ್ಣಿಗೆ ಬೀಳುತ್ತದೆ, ಮೂರಾಗುತ್ತದೆ, ನಾಲ್ಕಾಗುತ್ತದೆ. ಫೋನನ್ನು ಅಡುಗೆಮನೆಯಲ್ಲೋ ಹಜಾರದಲ್ಲೋ ಚಾರ್ಜಿಗೆ ಹಾಕಿ, ಅಲಾರಾಂಗೆ ಒಂದು ಗಡಿಯಾರ ತಂದಿಟ್ಟುಕೊಳ್ಳಿ. ಒಂದೇ ಒಂದು ಬದಲಾವಣೆ ಮಾಡುತ್ತೇನೆ, ಯಾವುದು ಹೇಳಿ ಎಂದು ಕೇಳುವವರಿಗೆ ನಾನು ಹೇಳುವುದು ಇದನ್ನೇ.

ಬಾರ್ ಬೀದಿಯ ಕಥೆ ಇಷ್ಟಾಯಿತು. ಪೇಟೆಯ ಉಳಿದ ಬೀದಿಗಳನ್ನು ಮುಚ್ಚಬಾರದು ಎಂದು ನಾನು ಹಟ ಹಿಡಿಯುವುದಕ್ಕೆ ಒಂದು ಹಳೆಯ ಘಟನೆ ಕಾರಣ. 1935ರ ಮೇ ತಿಂಗಳು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ಬಿಲ್ ವಿಲ್ಸನ್ ಎಂಬ ಅಮೆರಿಕನ್, ವ್ಯವಹಾರದಲ್ಲಿ ಸೋತು ಒಹಾಯೊ ರಾಜ್ಯದ ಆಕ್ರನ್ ಎಂಬ ಊರಿನ ಹೋಟೆಲೊಂದರ ಲಾಬಿಯಲ್ಲಿ ನಿಂತಿದ್ದ. ಒಂದು ತುದಿಯಲ್ಲಿ ಬಾರು, ಇನ್ನೊಂದು ತುದಿಯಲ್ಲಿ ಟೆಲಿಫೋನು. ಆತ ಟೆಲಿಫೋನಿನ ಕಡೆಗೆ ಹೋದ. ಚರ್ಚ್‌ಗಳ ಪಟ್ಟಿ ನೋಡಿ ಕರೆ ಮಾಡಿ, ತನ್ನಂತೆಯೇ ಕುಡಿತದಿಂದ ನರಳುವ ಇನ್ನೊಬ್ಬನ ಜೊತೆ ಮಾತಾಡಬೇಕು ಎಂದು ಕೇಳಿಕೊಂಡ. ಹಾಗೆ ಸಿಕ್ಕವರು ಅದೇ ಊರಿನ ವೈದ್ಯ ಡಾ. ಬಾಬ್. ಆಲ್ಕೋಹಾಲಿಕ್ಸ್ ಅನಾನಿಮಸ್ (ಎ.ಎ.) ಹುಟ್ಟಿದ್ದು ಆ ಭೇಟಿಯಿಂದ. ಇವತ್ತು ನಮ್ಮ ಊರುಗಳಲ್ಲಿ ಎ.ಎ. ಮೀಟಿಂಗಿಗೆ ಹೋಗುವವರಿಗೆ ತಲುಬು ಎದ್ದಾಗ ಕುಡಿಯುವ ಮುಂಚೆ ಫೋನ್ ಮಾಡು ಎಂದು ಕಲಿಸುತ್ತಾರೆ. 2020ರ ಲಾಕ್‌ಡೌನಿನಲ್ಲಿ ಮೀಟಿಂಗ್‌ಗಳು ಆನ್‌ಲೈನಿಗೆ ಬಂದವು, ಆಮೇಲೂ ಹಲವು ಅಲ್ಲೇ ಉಳಿದವು. ಊರಲ್ಲಿ ಮೀಟಿಂಗ್ ಇಲ್ಲದವರಿಗೆ, ಕೊಲ್ಲಿ ದೇಶಗಳಲ್ಲಿ ದುಡಿಯುವ ನಮ್ಮವರಿಗೆ ಕನ್ನಡದಲ್ಲಿ ಮನಸ್ಸು ಬಿಚ್ಚಲು ಸಿಗುವುದು ಆ ಪರದೆಯೇ. ಹೆಂಡತಿ ಸಿಟ್ಟಿನಲ್ಲಿ ಫೋನನ್ನು ಬೀರುವಿಗೆ ಹಾಕಿ ಬೀಗ ಜಡಿದರೆ ಈ ಕರೆಗಳೂ ಬೀಗದೊಳಗೇ ಹೋಗುತ್ತವೆ.

ಆದರೆ ಕತ್ತರಿಸಿದ ಹೊತ್ತನ್ನು ತುಂಬದೆ ಹೋದರೆ ಇದೆಲ್ಲ ಒಂದು ವಾರದ ಆಟ. ಕುಡಿಯುವವನ ಸಂಜೆಗೆ ಆರರಿಂದ ಒಂಬತ್ತರವರೆಗೆ ಒಂದು ಕಾರ್ಯಕ್ರಮ ಇರುತ್ತಿತ್ತು. ಕೆಟ್ಟದ್ದೇ ಆದರೂ ಕಾರ್ಯಕ್ರಮವೇ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರೂರಲ್ಲಿ ನಡೆಸುವ ಎಂಟು ದಿನಗಳ ಮದ್ಯವರ್ಜನ ಶಿಬಿರಗಳನ್ನು ಹತ್ತಿರದಿಂದ ನೋಡಿದವರಿಗೆ ಇದರ ಮರ್ಮ ತಿಳಿಯುತ್ತದೆ. ಅಲ್ಲಿ ಬೆಳಗಿನಿಂದ ರಾತ್ರಿಯವರೆಗೆ ದಿನ ಒಂದಲ್ಲ ಒಂದು ಚಟುವಟಿಕೆಯಿಂದ ತುಂಬಿರುತ್ತದೆ. ಶಿಬಿರ ಮುಗಿದ ಮೇಲೆ ನವಜೀವನ ಸಮಿತಿ ಎಂದು ಕಟ್ಟಿ, ಬಿಟ್ಟವರು ಮತ್ತೆ ಒಟ್ಟಿಗೆ ಸೇರುವಂತೆ ಮಾಡುತ್ತಾರೆ. ಎಂಟು ದಿನದ ಉತ್ಸಾಹಕ್ಕಿಂತ ಆಮೇಲಿನ ಆ ಸೇರುವಿಕೆಯ ಮೇಲೆ ನನಗೆ ಹೆಚ್ಚು ನಂಬಿಕೆ. ನಿಮ್ಮ ಊರಿನಲ್ಲಿ ಅದಿಲ್ಲದಿದ್ದರೆ ಬೇರೇನಾದರೂ ಇರುತ್ತದೆ. ಸಂಜೆ ಡೇರಿಗೆ ಹಾಲು ಹಾಕಿ ಬರುವ ಕೆಲಸವನ್ನು ಮಗನಿಂದ ಅಪ್ಪ ವಹಿಸಿಕೊಳ್ಳಬಹುದು. ಭಜನಾ ಮಂಡಳಿ, ಶಾಲೆಯ ಮೈದಾನದ ವಾಲಿಬಾಲ್, ಗ್ರಂಥಾಲಯ, ಕೈತೋಟ ಯಾವುದಾದರೂ ಆದೀತು. ನಿಗದಿತ ಹೊತ್ತಿಗೆ ಇನ್ನೊಬ್ಬರು ನಮಗಾಗಿ ಕಾಯುತ್ತಿರಬೇಕು, ಅದು ಮುಖ್ಯ. ತಲುಬು ಸಾಮಾನ್ಯವಾಗಿ ಏರಿ, ಅರ್ಧ ಗಂಟೆಯೊಳಗೆ ತಾನಾಗಿ ಇಳಿಯುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ತಮ್ಮ ಬಳಿ ಬಂದವರಿಗೆ ಕಲಿಸುತ್ತಿದ್ದದ್ದು, ಅದರ ಜೊತೆ ಕುಸ್ತಿಗೆ ಬೀಳದೆ, ಅದು ಏರಿ ಇಳಿಯುವುದನ್ನು ಗಮನಿಸುತ್ತಾ ಇರುವುದನ್ನು. ಆ ಅರ್ಧ ಗಂಟೆಯಲ್ಲಿ ವಾಲಿಬಾಲ್ ಕೈಯಲ್ಲಿರುವವನ ಪಾಡಿಗೂ ಹಳೆಯ ಗೆಳೆಯರ ಸ್ಟೇಟಸ್ ನೋಡುತ್ತಾ ಕೂತವನ ಪಾಡಿಗೂ ಬಹಳ ಅಂತರವಿದೆ.

ಯುವಕರು ಈಚೆಗೆ ಇನ್ನೊಂದು ರೂಢಿ ಮಾಡಿಕೊಂಡಿದ್ದಾರೆ: "ಇವತ್ತಿಗೆ ಮೂವತ್ತು ದಿನ" ಎಂದು ಸ್ಟೇಟಸ್ ಹಾಕುವುದು. ಅಭಿನಂದನೆಗಳು ಸುರಿಯುತ್ತವೆ, ಸಂತೋಷವೇ. ಆದರೆ ಮೂವತ್ತೊಂದನೆಯ ದಿನ ಕಾಲು ಜಾರಿದರೆ ಸ್ಟೇಟಸ್ ನೋಡಿದ ಮುನ್ನೂರು ಜನರೆದುರು ತಲೆ ತಗ್ಗಿಸಿದಂತಾಗಿ, ಜಾರಿದ್ದನ್ನು ಮುಚ್ಚಿಡಲು ಇನ್ನಷ್ಟು ಕುಡಿದವರನ್ನು ನೋಡಿದ್ದೇನೆ. ಪತ್ರಿಕೆ, ರೇಡಿಯೊ, ಸಿನಿಮಾಗಳ ಮುಂದೆ ಹೆಸರು ಹೇಳಿಕೊಳ್ಳಬಾರದೆಂಬ ಪದ್ಧತಿಯನ್ನು ಎ.ಎ. ತನ್ನ ಮೊದಲ ದಶಕಗಳಲ್ಲೇ ಹಾಕಿಕೊಂಡಿತು. ಫೇಸ್‌ಬುಕ್ಕಿನ ಕಾಲಕ್ಕೆ ಆ ಜಾಣತನ ಇನ್ನೂ ಹೆಚ್ಚು ಹೊಂದುತ್ತದೆ ಎಂದು ನನ್ನ ಎಣಿಕೆ. ದಿನಗಳ ಲೆಕ್ಕವನ್ನು ಎದುರು ಕೂತು ಕೇಳುವ ಇಬ್ಬರು ಮೂವರಿಗೆ ಹೇಳಿ. ಜಾರಿದ ದಿನವೂ ಅವರಿಗೇ ಹೇಳಬಹುದು.

ಇನ್ನು ಮನೆಯವರಿಗೆ ಎರಡು ಮಾತು. ಬೆನ್ನ ಹಿಂದೆ ಫೋನ್ ತೆಗೆದು ನೋಡುವುದು, ಪಾಸ್‌ವರ್ಡ್ ಕಸಿಯುವುದು, ಮಕ್ಕಳ ಮುಂದೆ "ಇವರದು ಇದೊಂದು ಹೊಸ ಚಟ" ಎಂದು ಹಂಗಿಸುವುದು ಕೆಲಸಕ್ಕೆ ಬರುವುದಿಲ್ಲ. ಬಾಟಲಿಯನ್ನು ನೀರಿನ ಟ್ಯಾಂಕಿನಲ್ಲಿ ಬಚ್ಚಿಡಲು ಕಲಿತಿದ್ದವರಿಗೆ ಎರಡನೆಯ ಫೋನ್ ಬಚ್ಚಿಡುವುದು ಕಷ್ಟವಲ್ಲ. ಒಪ್ಪಿಕೊಂಡು ಮಾಡಿದ ನಿಯಮ ಮಾತ್ರ ನಿಲ್ಲುತ್ತದೆ, ಅದೂ ಮನೆಗೆಲ್ಲ ಒಂದೇ ಆಗಿದ್ದರೆ. ಊಟದ ಹೊತ್ತಿಗೆ ಎಲ್ಲರ ಫೋನೂ ಒಂದೇ ಶೆಲ್ಫಿನ ಮೇಲೆ ಇರಲಿ. ಧಾರಾವಾಹಿ ನೋಡುವ ಅತ್ತೆಯದು, ಗೇಮ್ ಆಡುವ ಮಗನದು, ನಿಮ್ಮದೂ ಸೇರಿ. ಕೆಲವರು ತಾವಾಗಿಯೇ ಒಂದಷ್ಟು ತಿಂಗಳು ಕೀಪ್ಯಾಡ್ ಫೋನಿಗೆ ಇಳಿಯುತ್ತಾರೆ. ಅವರಾಗಿ ಆರಿಸಿಕೊಂಡದ್ದಾದರೆ ಅದು ಬಹಳ ಒಳ್ಳೆಯದು, ನೀವು ಹೇರಿದ್ದಾದರೆ ಶಿಕ್ಷೆಯಾಗುತ್ತದೆ.

ಎಷ್ಟು ಗಂಟೆ ನೋಡಿದರೆ ಹೆಚ್ಚಾಯಿತು ಎಂದು ಕೇಳುವವರಿಗೆ ನನ್ನಲ್ಲಿ ಒಂದು ಅಂಕಿ ಇಲ್ಲ. ಫೋನ್ ತೋರಿಸುವ ಸ್ಕ್ರೀನ್ ಟೈಮಿನಲ್ಲಿ ಅಮ್ಮನ ಜೊತೆಗಿನ ವಿಡಿಯೊ ಕರೆಗೂ ಬೆಟ್ಟಿಂಗ್ ಆ್ಯಪಿಗೂ ನಿಮಿಷಗಳ ಲೆಕ್ಕ ಒಂದೇ. ಅದಕ್ಕಿಂತ ಒಂದು ವಾರ ಪುಟ್ಟ ಪುಸ್ತಕ ಇಟ್ಟುಕೊಂಡು ಬರೆಯಿರಿ: ಯಾವ ಹೊತ್ತು, ಏನು ನೋಡಿದೆ, ಫೋನ್ ಕೆಳಗಿಟ್ಟ ಮೇಲೆ ಕುಡಿಯುವ ಆಸೆ ಹೆಚ್ಚಿತೇ ತಗ್ಗಿತೇ. ವಾರ ಮುಗಿಯುವಷ್ಟರಲ್ಲಿ ಬಾರ್ ಬೀದಿ ಯಾವುದೆಂದು ನಿಮ್ಮ ಕೈಬರಹವೇ ಹೇಳುತ್ತದೆ. ಬೀದಿ ಗೊತ್ತಾಗಿಯೂ ಕಾಲು ಅತ್ತಲೇ ಎಳೆಯುತ್ತಿದ್ದರೆ, ಕೆಲಸ ನಿದ್ದೆ ಎಲ್ಲ ಕೆಡುತ್ತಿದ್ದರೆ ಸಹಾಯ ಕೇಳಿ. ತಂತ್ರಜ್ಞಾನದ ಅತಿಬಳಕೆಗೆಂದೇ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ಶಟ್ ಎಂಬ ಕ್ಲಿನಿಕ್ ತೆರೆಯಿತು. ಕುಡಿತ, ಮಾದಕ ವಸ್ತುಗಳಿಗೆ ಅಲ್ಲಿಯೇ ಪ್ರತ್ಯೇಕ ವಿಭಾಗವಿದೆ. ಬೆಂಗಳೂರು ದೂರವಾದವರಿಗೆ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಇದೆ. 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲಿಯೇ ಮಾತಾಡಬಹುದು. ಮಾದಕ ವ್ಯಸನಕ್ಕೆ ಕೇಂದ್ರ ಸರ್ಕಾರದ ಸಹಾಯವಾಣಿ 14446.

ಬೀರುವಿನ ಬೀಗದ ಬಗ್ಗೆ ಕೇಳಿದ ತಾಯಂದಿರಿಗೂ ಅಕ್ಕಂದಿರಿಗೂ ಕೊನೆಯದಾಗಿ ಒಂದು ಕೋರಿಕೆ. ಈ ಭಾನುವಾರ ಅವರ ಪಕ್ಕದಲ್ಲಿ ಕೂತು, ಅವರ ಕೈಯಿಂದಲೇ, ಕುಡಿತವನ್ನು ನೆನಪಿಸುವ ಆ್ಯಪ್, ಗುಂಪು, ನಂಬರುಗಳನ್ನು ತೆಗೆಸಿ. ಕಷ್ಟದ ಸಂಜೆ ಕರೆ ಮಾಡಬೇಕಾದ ಮೂವರ ಹೆಸರನ್ನೂ 14416ನ್ನೂ ಮೇಲಕ್ಕೆ ತಂದಿಡಿ. ಆಮೇಲೆ ಫೋನನ್ನು ಅವರ ಕೈಗೇ ಕೊಡಿ.